ಬಾಯಿಪಾಠ ಬಿಡಿ, ಮಾತು ತಾನಾಗಿ ಬರುತ್ತದೆ

ಪ್ರಶ್ನೆ: ನಾನು ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ನಮ್ಮೂರು ಬ್ಯಾಡಗಿ ಹತ್ತಿರ. ಪದವಿಯವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹೋದ ತಿಂಗಳು ಸೆಮಿನಾರ್‌ಗೆಂದು ಇಂಗ್ಲಿಷಿನಲ್ಲಿ ಬರೆದು ಪೂರ್ತಿ ಬಾಯಿಪಾಠ ಮಾಡಿದ್ದೆ. ಎರಡನೇ ಸ್ಲೈಡಿಗೇ ಎಲ್ಲ ಮರೆತುಹೋಯಿತು. ಕೈಕಾಲು ನಡುಗಿ, ಅಳು ಬಂದು, ಕೂತುಬಿಟ್ಟೆ. ಮೆಣಸಿನಕಾಯಿ ಬೆಳೆಗಾರರ ಬಗ್ಗೆ ಮಾಡಿರುವ ಪ್ರಾಜೆಕ್ಟ್ ವರದಿಯ ಕರಡನ್ನು ಗೈಡ್ ಕೃತಿಚೌರ್ಯ ತಪಾಸಣೆಗೆ ಹಾಕಿಸಿದರು. ಶೇ 38 ಹೋಲಿಕೆ ಬಂದಿದೆ. ಡಿಬಾರ್ ಮಾಡುತ್ತಾರಾ? ಮುಂದಿನ ತಿಂಗಳು ವೈವಾ ಇದೆ. ಇಂಗ್ಲಿಷ್ ಬಾರದವರಿಗೆ ಸ್ನಾತಕೋತ್ತರ ಓದು ಸಲ್ಲದೇನೋ ಅನ್ನಿಸುತ್ತಿದೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಡಿಬಾರ್ ಭಯ ಬಿಡಿ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮಾವಳಿ ತಂದಿದೆ. ಸಲ್ಲಿಸಿದ ಪ್ರಬಂಧದಲ್ಲಿ ಹೋಲಿಕೆ ಶೇ 10ರೊಳಗಿದ್ದರೆ ದಂಡನೆ ಇಲ್ಲ. ಶೇ 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ 40ರಿಂದ 60ರವರೆಗಿದ್ದರೆ ಒಂದು ವರ್ಷ ಮರುಸಲ್ಲಿಕೆಗೆ ಅವಕಾಶವಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ನಿಮ್ಮದು ಇನ್ನೂ ಸಲ್ಲಿಸದ ಕರಡು. ತಿದ್ದಿಕೊಳ್ಳಲಿ ಎಂದೇ ಗೈಡ್ ಮೊದಲು ತಪಾಸಣೆ ಮಾಡಿಸಿದ್ದಾರೆ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಹೊರಗಿಟ್ಟು ತಪಾಸಣೆ ಆಗಿದೆಯೇ ಎಂದು ಒಮ್ಮೆ ಕೇಳಿ ನೋಡಿ.

ಇನ್ನು ಮುಖ್ಯ ವಿಷಯ. ಸೆಮಿನಾರ್‌ನಲ್ಲಿ ಮಾತು ನಿಂತದ್ದು, ವರದಿಯಲ್ಲಿ ಹೋಲಿಕೆ ಹೆಚ್ಚಿದ್ದು ಎರಡು ಬೇರೆ ಕಷ್ಟಗಳೆಂದು ನೀವು ತಿಳಿದಿದ್ದೀರಿ. ಎರಡರ ಬೇರೂ ಒಂದೇ: ಬಾಯಿಪಾಠ. ಹೈಸ್ಕೂಲಿನಿಂದ ಗೈಡ್ ಪುಸ್ತಕದ ಉತ್ತರವನ್ನು ಹಾಗೇ ಒಪ್ಪಿಸಿ ಅಂಕ ಪಡೆದ ಅಭ್ಯಾಸ ನಮ್ಮದು. ಅದೇ ಅಭ್ಯಾಸ ವೇದಿಕೆಯ ಮೇಲೆ ಕಂಠಪಾಠವಾಗುತ್ತದೆ, ವರದಿಯಲ್ಲಿ ನಕಲಾಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಇದಕ್ಕೆ ಹೊರತಲ್ಲ.

ವರದಿಯಿಂದಲೇ ಶುರುಮಾಡೋಣ. ನಿಮ್ಮ ಮೊದಲ ಅಧ್ಯಾಯ ಹೆಚ್ಚುಕಮ್ಮಿ ಹೀಗಿರಬಹುದು: 'ಮೆಣಸಿನಕಾಯಿಯು ಒಂದು ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ರೈತರ ಆರ್ಥಿಕ ಅಭಿವೃದ್ಧಿಯಲ್ಲಿ ಮಹತ್ತರ ಪಾತ್ರ ವಹಿಸುತ್ತದೆ.' ಮೆಣಸಿನಕಾಯಿ ತೆಗೆದು ಅಲ್ಲಿ ಹತ್ತಿಯೋ ಅಡಿಕೆಯೋ ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಇಂಥ ವಾಕ್ಯ ಏನನ್ನೂ ಹೇಳುವುದಿಲ್ಲ; ತಪಾಸಣೆಯಲ್ಲಿ ಮೊದಲು ಸಿಕ್ಕಿಬೀಳುವುದೂ ಇದೇ. ಅದನ್ನು ಹೊಡೆದು ಹಾಕಿ ನಿಮಗೆ ಗೊತ್ತಿರುವುದನ್ನು ಬರೆಯಿರಿ: 'ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ; ಹಾಗಾಗಿ ಅಡುಗೆಗಷ್ಟೇ ಅಲ್ಲ, ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳಿಗೂ ಇದು ಬೇಕು. ಇಷ್ಟು ಬೇಡಿಕೆಯಿದ್ದೂ ಬೆಳೆಗಾರರಿಗೆ ಸಿಗುವ ಧಾರಣೆ ಏಕೆ ಇಷ್ಟು ಏರಿಳಿಯುತ್ತದೆ ಎಂಬುದು ಈ ಅಧ್ಯಯನದ ಪ್ರಶ್ನೆ.' ಇದರಲ್ಲಿ ಕಠಿಣ ಪದ ಒಂದೂ ಇಲ್ಲ. ಆದರೆ ಮಾಹಿತಿ ಇದೆ, ಪ್ರಶ್ನೆ ಇದೆ. ಶೈಕ್ಷಣಿಕ ಬರವಣಿಗೆಗೆ ಬೇಕಾದದ್ದು ಅಷ್ಟೇ.

ಇದೇ ರೀತಿ ಮುಂದುವರಿಯಿರಿ. ಎಷ್ಟು ಬೆಳೆಗಾರರನ್ನು, ಯಾವ ಊರುಗಳಲ್ಲಿ, ಯಾವ ತಿಂಗಳು ಮಾತಾಡಿಸಿದಿರಿ ಎಂಬುದು ವಿಧಾನದ ಅಧ್ಯಾಯಕ್ಕೆ. ಅವರು ಹೇಳಿದ್ದು, ನಿಮ್ಮ ಕೋಷ್ಟಕಗಳು ಫಲಿತಾಂಶಕ್ಕೆ. ಅದರ ಅರ್ಥವೇನು ಎಂಬುದು ಚರ್ಚೆಗೆ. ಬೇರೆಯವರ ಲೇಖನ ಬಳಸುವಾಗ ಓದಿ, ಮುಚ್ಚಿಟ್ಟು, ಅದರ ಸಾರವನ್ನು ಕನ್ನಡದಲ್ಲೇ ಎರಡು ಸಾಲು ಬರೆದುಕೊಳ್ಳಿ. ಪಕ್ಕದಲ್ಲಿ ಲೇಖಕರ ಹೆಸರು, ವರ್ಷ, ಪುಟ ಹಾಕಿ. ಆಮೇಲೆ ಆ ಟಿಪ್ಪಣಿ ನೋಡಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡದ ಮೂಲಕ ಹಾದು ಬಂದ ವಾಕ್ಯ ಮೂಲದ ನಕಲಾಗುವುದು ಕಷ್ಟ. ಪದ ಬದಲಿಸಿಕೊಡುವ ತಂತ್ರಾಂಶಗಳ ಸಹವಾಸ ಬೇಡ. ಚಾಟ್‌ಜಿಪಿಟಿಯಂಥವು ಇಲ್ಲದ ಲೇಖನಗಳನ್ನೂ ಇವೆಯೆಂದು ಉಲ್ಲೇಖಿಸಿಬಿಡುತ್ತವೆ; ವೈವಾದಲ್ಲಿ ಅವುಗಳ ಬಗ್ಗೆ ಕೇಳಿದರೆ ಉತ್ತರಿಸಬೇಕಾದವರು ನೀವು. ಪ್ರಬಂಧದ ಕಟ್ಟೋಣ ಹೇಗಿರುತ್ತದೆಂದು ನೋಡಲು 'ಶೋಧಗಂಗಾ' ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ವಾಕ್ಯ ಎತ್ತಿಕೊಳ್ಳಬೇಡಿ, ಕಟ್ಟೋಣ ನೋಡಿ.

ಈಗ ಮಾತಿನ ವಿಷಯ. ಬಾಯಿಪಾಠ ಮಾಡಿದವರಿಗೆ ಒಂದು ಪದ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಆದ್ದರಿಂದ ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಪಕ್ಕಾ ಮಾಡಿಕೊಳ್ಳಿ. ನಡುವಿನದಕ್ಕೆ ಒಂದು ಚೀಟಿಯಲ್ಲಿ ಐದಾರು ಪದ ಸಾಕು: ಡಬ್ಬಿ ತಳಿ, ಕಡ್ಡಿ ತಳಿ, ತೇವಾಂಶ, ದಲಾಲಿ, ಕೋಲ್ಡ್ ಸ್ಟೋರೇಜ್. ಒಂದೊಂದು ಪದದ ಬಗ್ಗೆಯೂ ನಿಮಗೆ ಹೇಳಲಿಕ್ಕೆ ಬೇಕಾದಷ್ಟಿದೆ. ನೀವು ಆ ಸೀಮೆಯಲ್ಲೇ ಬೆಳೆದವರು. 'ಗೌರವಾನ್ವಿತ ಪ್ರಾಧ್ಯಾಪಕರೇ' ಎಂಬ ಉದ್ದನೆಯ ಪೀಠಿಕೆ ಬಿಟ್ಟು, ಒಂದೇ ದಿನ ಒಂದೇ ಮಾರುಕಟ್ಟೆಯಲ್ಲಿ ಇಬ್ಬರು ರೈತರ ಡಬ್ಬಿ ಮೆಣಸಿನಕಾಯಿಗೆ ಬೇರೆ ಬೇರೆ ಧಾರಣೆ ಏಕೆ ಎಂಬ ಪ್ರಶ್ನೆಯಿಂದ ಶುರುಮಾಡಿ. ಪರೀಕ್ಷಕರು ತಲೆಯೆತ್ತಿ ಕೇಳುತ್ತಾರೆ.

ಮೊದಲು ಹಾಸ್ಟೆಲಿನ ಗೆಳತಿಗೆ ಕನ್ನಡದಲ್ಲಿ ಹೇಳಿ. ಅವಳ ವಿಷಯ ಬೇರೆಯಾದರೆ ಇನ್ನೂ ಒಳ್ಳೆಯದು. ಅವಳಿಗೆ ಅರ್ಥವಾಗದ ಕಡೆ ನಿಮಗೂ ಸ್ಪಷ್ಟವಿಲ್ಲ ಎಂದರ್ಥ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 120 ಪದ. ಹತ್ತು ನಿಮಿಷಕ್ಕೆ 1200 ಪದದಷ್ಟು ವಿಷಯ, ಏಳೆಂಟು ಸ್ಲೈಡು ಸಾಕು. ಸ್ಲೈಡಿನಲ್ಲಿ ಪ್ಯಾರಾ ತುಂಬಬೇಡಿ, ತುಂಬಿದರೆ ಓದಿಬಿಡುತ್ತೀರಿ.

ನಡುಕ? ಅದು ಅಡ್ರಿನಲಿನ್ ಕೆಲಸ. ಅನುಭವಿಗಳಿಗೂ ಬರುತ್ತದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಉತ್ಸಾಹವಾಗಿದೆ' ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ನಡುಕ ಅಡಗಿಸಲು ಹೋಗಬೇಡಿ. ಉಸಿರನ್ನು ನಿಧಾನವಾಗಿ ಹೊರಬಿಟ್ಟು ಮೊದಲ ವಾಕ್ಯ ಹೇಳಿ. ಇಂಗ್ಲಿಷ್ ಪದ ಹೊಳೆಯದಿದ್ದರೆ ಕನ್ನಡ ಪದ ಬಳಸಿ ಮುಂದೆ ಹೋಗಿ. ಉತ್ತರ ಗೊತ್ತಿಲ್ಲದಿದ್ದರೆ 'ಅದನ್ನು ನಾನು ನೋಡಿಲ್ಲ ಸರ್' ಎನ್ನಿ, ಅದು ಸೋಲಲ್ಲ. ಭಯ ನಿದ್ದೆ, ಊಟಕ್ಕೂ ಅಡ್ಡ ಬರುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಕುಗ್ಗಬೇಡಿ. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿಯೇ 2023ರಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿದೆ. ಬೆಳೆಗಾರರ ಅಂಗಳದಲ್ಲಿ ಕೂತು ಅವರ ಮಾತಿನಲ್ಲೇ ಲೆಕ್ಕ ಕೇಳಿ ಬರೆದುಕೊಂಡು ಬಂದವರು ನೀವು. ಆ ಟಿಪ್ಪಣಿ ಪುಸ್ತಕ ತೆಗೆದು, ಮೊದಲ ಅಧ್ಯಾಯದ ಮೊದಲ ಪ್ಯಾರಾ ಇವತ್ತೇ ಹೊಸದಾಗಿ ಬರೆಯಿರಿ. ನಾಳೆ ಅದನ್ನು ಗೈಡ್‌ಗೆ ತೋರಿಸಿ.