ಪುಣೆಗೆ ಹೊರಟವರಿಗೆ ‘ಸೆಟ್’ ಪಾಠ

ಕೆಲಸಕ್ಕೆಂದು ಪುಣೆಗೆ ಹೊರಟಿದ್ದೀರಾ? ಇಂಗ್ಲಿಷ್ ಬಗ್ಗೆ ಅಳುಕಿದ್ದರೆ ‘ಸೆಟ್’ ಎಂಬ ಒಂದು ಪದವನ್ನು ಮೊದಲು ಒಲಿಸಿಕೊಳ್ಳಿ. 1989ರ ಆಕ್ಸ್‌ಫರ್ಡ್ ನಿಘಂಟು ಇದರ ಕ್ರಿಯಾರೂಪಕ್ಕೇ 430ರಷ್ಟು ಅರ್ಥ ಕೊಟ್ಟಿತ್ತು. ಹೆದರಬೇಡಿ, ದಿನಬಳಕೆಗೆ ಹತ್ತು ಸಾಕು. ಹೆಪ್ಪು ಹಾಕಿದ ಹಾಲು ಗಟ್ಟಿಯಾದರೂ ಸೆಟ್, ಸಿಮೆಂಟ್ ಬಿಗಿದರೂ ಸೆಟ್, ಸೂರ್ಯ ಮುಳುಗಿದರೂ ಸೆಟ್. ಗಿರೀಶ ಕಾರ್ನಾಡರು 1974–75ರಲ್ಲಿ ನಿರ್ದೇಶಕರಾಗಿದ್ದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸೆಟ್ ಎಂದರೆ ಚಿತ್ರೀಕರಣಕ್ಕೆಂದು ಕಟ್ಟಿದ ಮನೆ, ಬೀದಿ. ಕಾಲೇಜು ಮೇಷ್ಟರಾಗಬೇಕೆಂದವರ ಬಾಯಲ್ಲಿ ಅದು ಪುಣೆ ವಿಶ್ವವಿದ್ಯಾಲಯ ನಡೆಸುವ ಅರ್ಹತಾ ಪರೀಕ್ಷೆ. ಆ ಪರೀಕ್ಷೆಯದು ಮೊದಲಕ್ಷರ ಜೋಡಿಸಿ ಮಾಡಿದ ಹೆಸರು, ಈ ಪದಕ್ಕೆ ನೆಂಟನಲ್ಲ. ಪುಣೆಯ ಬಾಲೇವಾಡಿ ಕ್ರೀಡಾಂಗಣದ ಟೆನಿಸ್‌ನಲ್ಲಿ ಸೆಟ್ ಉಂಟು. 1870ರ ದಶಕದಲ್ಲಿ ಪುಣೆಯಲ್ಲೇ ನಿಯಮ ಕಂಡ ಬ್ಯಾಡ್ಮಿಂಟನ್‌ನಲ್ಲಿ ಅದು ಗೇಮ್. ನಾವು ಅದನ್ನೂ ಸೆಟ್ ಅಂತಲೇ ಅನ್ನುತ್ತೇವೆ, ಇರಲಿ.

ಎಡವುವುದು ಇಲ್ಲಿ: ‘ನನಗೆ ಸೆಟ್ ಆಗಲ್ಲ’ ಎಂಬುದು ನಮ್ಮ ಆಡುಗನ್ನಡದ ಬಳಕೆ. ಅದನ್ನು ಹಾಗೇ ಇಂಗ್ಲಿಷಿಗೆ ಸಾಗಿಸಿದರೆ ಮ್ಯಾನೇಜರ್ ಕಣ್ಣುಕಣ್ಣು ಬಿಡುತ್ತಾರೆ. ಅಲ್ಲಿ ‘ಸೂಟ್’ ಅನ್ನಿ. ಆದರೆ ಮೀಟಿಂಗಿಗೆ ಮುಂಚೆ ‘ಆಲ್ ಸೆಟ್?’ ಎಂದು ಕೇಳಿದರೆ, ತಯಾರಿದ್ದರೆ, ಧೈರ್ಯವಾಗಿ ಅದನ್ನೇ ತಿರುಗಿಸಿ ಹೇಳಿ.