ಕೆಲಸ ಹೋಗುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸ

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಲೇಆಫ್ ಮಾತು ಯಾಕ್ರೀ ಅಂತ ಕೆಲವರು ಕೇಳಬಹುದು. ಆಫರ್ ಲೆಟರ್ ಕೈಗೆ ಬರುವ ಮುಂಚೆಯೇ ಅಪಶಕುನ ಬೇಡ ಅನ್ನುವವರೂ ನಮ್ಮಲ್ಲಿದ್ದಾರೆ. ಆದರೆ 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತು. ಮೂರು ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ ಅನ್ನುವುದು ಕಂಪನಿ ಹೇಳಿದ ಕಾರಣ. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ಶೇ. 2ರಷ್ಟು, ಅಂದರೆ ಸುಮಾರು 12,000 ಹುದ್ದೆ ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅದರಲ್ಲಿ ಹೆಚ್ಚಿನವು ಮಧ್ಯಮ ಮತ್ತು ಮೇಲಿನ ಹಂತದವು. ಹೊಸಬರಿಗೂ ಗ್ಯಾರಂಟಿ ಇಲ್ಲ, ಹಳಬರಿಗೂ ಇಲ್ಲ ಅಂದಮೇಲೆ, ತಯಾರಿ ಬಗ್ಗೆ ಈಗಲೇ ಮಾತಾಡಿಬಿಡೋಣ.

ನಮ್ಮ ಸೀಮೆಗೆ ಇದು ಹೊಸದಲ್ಲ

ಮಂಡ್ಯದ ಮೈಷುಗರ್ 1933ರಲ್ಲಿ ಶುರುವಾದ ಕಾರ್ಖಾನೆ. ಕೆಲವು ವರ್ಷ ನಿಂತೇ ಹೋಗಿ, 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯೂ ಮುಚ್ಚಿದ್ದು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆ ಹೋಯಿತು. ಇನ್ನೂ ಆಚೆ ನೋಡಿದರೆ ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು, ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಇವು ಯಾವುವೂ ಅಲ್ಲಿ ಪಾಳಿ ಮೇಲೆ ದುಡಿಯುತ್ತಿದ್ದ ಕಾರ್ಮಿಕ ಸೋಮಾರಿ ಅಂತ ನಿಂತದ್ದಲ್ಲ. ಆಡಳಿತ, ಸಾಲ, ಮಾರುಕಟ್ಟೆ, ಹಳೇ ಯಂತ್ರ, ಹೀಗೆ ಅವನ ಕೈಯಲ್ಲಿಲ್ಲದ ಕಾರಣಗಳೇ ಹೆಚ್ಚು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಕೆಲಸ ಹೋದವರು ಮೊದಲು ಮಾಡುವುದು ತಮ್ಮನ್ನೇ ಬೈದುಕೊಳ್ಳೋದು. 'ಊರವರು ಏನಂತಾರೆ' ಅಂತ ಹಬ್ಬಕ್ಕೂ ಮನೆಗೆ ಬರೋದಿಲ್ಲ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ರೈತರನ್ನೇ ನೋಡಿ: ಕಾರ್ಖಾನೆ ಕಬ್ಬಿನ ಬಾಕಿ ತಡ ಮಾಡಿದಾಗ ಮನೆ ನಡೆಸೋದು ಕೊಟ್ಟಿಗೆಯ ಎರಡು ಹಸು, ಡೇರಿಯಿಂದ ಬರುವ ಹಾಲಿನ ಬಟವಾಡೆ. ಬರೀ ಕಬ್ಬನ್ನೇ ನಂಬಬೇಡ ಅನ್ನೋದು ಅವರಿಗೆ ಯಾರೂ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಲ್ಲ.

ಪದದ ಅರ್ಥ ಸರಿಯಾಗಿ ತಿಳಿಯೋಣ

ನಾವು 'ಲೇಆಫ್' ಅನ್ನುವುದು ಕಾನೂನಿನ ಲೇಆಫ್ ಅಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಲೇಆಫ್ ಅಂದರೆ ಕಚ್ಚಾಮಾಲು, ಕರೆಂಟು ಇಲ್ಲದೆ ಅಥವಾ ಯಂತ್ರ ಕೆಟ್ಟು ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಸ್ಥಿತಿ. ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತೆ. ಪೂರ್ತಿ ಮನೆಗೆ ಕಳಿಸುವುದಕ್ಕೆ ಕಾನೂನಿನ ಹೆಸರು ರಿಟ್ರೆಂಚ್‌ಮೆಂಟ್. ಒಂದು ವರ್ಷ ನಿರಂತರ ದುಡಿದ ಕಾರ್ಮಿಕನನ್ನು ಹಾಗೆ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದು ಉಳಿದಿದೆ. ಹೊಸ ಕೌಶಲ ಕಲಿಯಲು ಇನ್ನೂ 15 ದಿನದ ಸಂಬಳ ಸೇರಿದೆ. ಮ್ಯಾನೇಜರ್ ಹುದ್ದೆಯವರು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತಾರೆ.

ಇಲ್ಲೇ ಮುಖ್ಯ ವಿಷಯ ಇರೋದು. ನೀವಾಗಿಯೇ ರಾಜೀನಾಮೆ ಬರೆದುಕೊಟ್ಟರೆ ಅದು ರಿಟ್ರೆಂಚ್‌ಮೆಂಟ್ ಆಗುವುದಿಲ್ಲ. ಆದ್ದರಿಂದ 'ಈಗಲೇ ಸಹಿ ಹಾಕಿ' ಅಂದರೆ, 'ಓದಿ ನಾಳೆ ಹೇಳ್ತೀನಿ ಸಾರ್' ಅನ್ನಲು ಕಲಿಯಬೇಕು. ಬಾಯಿಮಾತಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಕೇಳಿ ಪಡೆಯಬೇಕು.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ಹಾಕೋಣ. ಕೈಗೆ ಬರುವ ಸಂಬಳ ₹25,000. ಬೆಂಗಳೂರಲ್ಲಿ ರೂಮು, ಊಟ, ಬಸ್ಸು ₹12,000. ಎಜುಕೇಶನ್ ಲೋನ್ ಕಂತು ₹5,000. ಮನೆಗೆ ₹5,000. ಉಳಿಯೋದು ₹3,000.

ಕೆಲಸ ಹೋದರೂ ನಿಲ್ಲದ ಖರ್ಚು ರೂಮು ಮತ್ತು ಕಂತು, ಅಂದರೆ ತಿಂಗಳಿಗೆ ₹17,000. ನಾಲ್ಕು ತಿಂಗಳಿಗೆ ₹68,000 ಬೇಕು. ತಿಂಗಳಿಗೆ ₹3,000 ಕೂಡಿಟ್ಟರೆ ಅದಕ್ಕೆ ಹತ್ತಿರ ಹತ್ತಿರ 23 ತಿಂಗಳು ಹಿಡಿಯುತ್ತೆ. ಈಗ ಗೆಳೆಯರ ಜೊತೆ ರೂಮು ಹಂಚಿಕೊಂಡು ₹12,000 ಅನ್ನು ₹10,000ಕ್ಕೆ ಇಳಿಸಿ. ಉಳಿತಾಯ ₹5,000 ಆಯ್ತು, ಬೇಕಾದ ಗಂಟು ₹60,000ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮುಗಿಯಿತು! ಎರಡು ಸಾವಿರ ಕಡಿಮೆ ಮಾಡಿದ್ದಕ್ಕೆ 11 ತಿಂಗಳು ಉಳಿದದ್ದು ಗಮನಿಸಿ. ಈ ಗಂಟು ಕಟ್ಟುವವರೆಗೂ ಬೈಕ್, ಐಫೋನ್ ಇಎಂಐ ಹತ್ತಿರ ಹೋಗಬೇಡಿ. ಪಿಎಫ್ ದುಡ್ಡನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ಮಾತು: ಮನೆಗೆ ಕಳಿಸುವ ₹5,000 ಕೆಲಸ ಹೋದಾಗ ನಿಲ್ಲಬಹುದು ಅಂತ ಅಪ್ಪ ಅಮ್ಮನಿಗೆ ಮೊದಲ ಸಂಬಳ ಬಂದಾಗಲೇ ಹೇಳಿಡಿ. ಆಮೇಲೆ ಕೈಸಾಲ ಮಾಡಿ ಕಳಿಸುವುದಕ್ಕಿಂತ ಇದು ವಾಸಿ.

ಕಾಗದ ಮತ್ತು ಹೆಸರು

ಆಫರ್ ಲೆಟರ್, ಪ್ರತಿ ತಿಂಗಳ ಪೇ ಸ್ಲಿಪ್, ಫಾರ್ಮ್ 16, ಯುಎಎನ್ ನಂಬರು, ಅಪ್ರೈಸಲ್ ಪತ್ರ: ಇವೆಲ್ಲ ನಿಮ್ಮ ಸ್ವಂತ ಇಮೇಲ್‌ನಲ್ಲೂ ಇರಲಿ. ಆಫೀಸ್ ಲ್ಯಾಪ್‌ಟಾಪ್ ಲಾಕ್ ಆದ ಮೇಲೆ ಹುಡುಕಿದರೆ ಸಿಗೋದಿಲ್ಲ. ಆದರೆ ಕಂಪನಿಯ ಕೋಡು, ಗ್ರಾಹಕರ ಮಾಹಿತಿ ತರಬೇಡಿ, ಅದು ಬೇರೆಯೇ ಕೇಸಾಗುತ್ತೆ. ಯಾವ ಸಮಸ್ಯೆ ಬಗೆಹರಿಸಿದಿರಿ, ಯಾವ ಟೂಲ್ ಬಳಸಿದಿರಿ ಅಂತ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಡಿ ಸಾಕು.

ನಮ್ಮ ಪಕ್ಕದಲ್ಲೇ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ. ಮೂರು ಗರ್ಭಗುಡಿಯ ಈ ಗುಡಿ 13ನೇ ಶತಮಾನದ್ದು. ಆ ಕಾಲದ ಶಿಲ್ಪಿಗಳಿಗೆ ಒಂದು ಗುಡಿ ಮುಗಿದರೆ ಅಲ್ಲಿಯ ಕೆಲಸವೂ ಮುಗಿಯಿತು, ಮುಂದಿನ ಊರಿಗೆ ಹೋಗಬೇಕು. ಹಲವರು ತಾವು ಕಡೆದ ವಿಗ್ರಹದ ಕೆಳಗೆ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲೂ ಸಿಗುತ್ತೆ, ಸೋಮನಾಥಪುರದಲ್ಲೂ ಸಿಗುತ್ತೆ. ಗುಡಿ ಕಟ್ಟಿಸಿದವರು ಬೇರೆ ಬೇರೆ, ಕೈ ಒಂದೇ. ನಿಮ್ಮ ಕೈಚಳಕಕ್ಕೂ ಕಂಪನಿಯ ಐಡಿ ಕಾರ್ಡಿನ ಹೊರಗೆ ಒಂದು ಗುರುತು ಇರಬೇಕು: ಗಿಟ್‌ಹಬ್‌ನಲ್ಲಿ ಎರಡು ಒಳ್ಳೇ ಪ್ರಾಜೆಕ್ಟ್, ಸಿವಿಲ್‌ನವರಿಗೆ ಮಾಡಿದ ಡ್ರಾಯಿಂಗ್, ಮೆಕ್ಯಾನಿಕಲ್‌ನವರಿಗೆ ಕೆಲಸ ಮಾಡುವ ಒಂದು ಮಾಡೆಲ್.

ಈ ಸೆಮಿಸ್ಟರ್‌ನಲ್ಲೇ ಮಾಡಬಹುದಾದದ್ದು

1. ಲೋನ್ ಇದ್ದರೆ ಬ್ಯಾಂಕಿಗೆ ಹೋಗಿ ಕಂತು ಎಷ್ಟು, ಯಾವಾಗ ಶುರು, ಕೆಲಸ ಇಲ್ಲದಿದ್ದರೆ ಏನು ದಾರಿ ಅಂತ ಕೇಳಿ.
2. ಒಂದು ವಿಷಯದಲ್ಲಿ ಆಳವಾಗಿ, ಅದರ ಪಕ್ಕದ ಇನ್ನೊಂದರಲ್ಲಿ ಕೆಲಸಕ್ಕಾಗುವಷ್ಟು ಕಲಿಯಿರಿ.
3. ಐದು ಜನ ಸೀನಿಯರ್‌ಗಳ ಜೊತೆ ಮಾತು ಇಟ್ಟುಕೊಳ್ಳಿ. ಕೆಲಸ ಕೇಳೋಕಲ್ಲ, ಅವರ ಕಂಪನಿಯಲ್ಲಿ ಏನು ನಡೀತಿದೆ ತಿಳಿಯೋಕೆ.
4. ಆಫರ್ ಬಂದಾಗ ಪ್ರೊಬೇಷನ್, ನೋಟಿಸ್ ಅವಧಿ, ಬಾಂಡ್ ಬಗ್ಗೆ ಇರುವ ಪುಟವನ್ನು ಎರಡು ಸಲ ಓದಿ.

ಕೊನೆಗೆ ಒಂದು ಮಾತು. ಕ್ಲಾಸ್‌ಮೇಟ್ ಯಾರಿಗಾದರೂ ಕೆಲಸ ಹೋಯ್ತು ಅಂತ ಗೊತ್ತಾದರೆ 'ಯಾಕೋ ಮಗಾ, ಏನ್ ಮಾಡ್ದೆ?' ಅಂತ ಕೇಳಬೇಡಿ. 'ರೂಮಿಗೆ ಬಾ, ರೆಸ್ಯೂಮೆ ಕಳ್ಸು' ಅನ್ನಿ. ಆ ಹೊತ್ತಿಗೆ ಅವನಿಗೆ ಬೇಕಾಗಿರೋದು ಅದೇ.