ಅವ್ವನ ಏಳನೆಯ ಇಯತ್ತೆ

ಮನೆ ತೆಲಂಗಾಣದ ಜಹೀರಾಬಾದಿನ ಕಡೆ ಇಟ್ಟುಕೊಂಡು ಮಕ್ಕಳನ್ನು ಬೀದರಿನ ಶಾಲೆಗೆ ಹಾಕಿರುವವರು, ಎಂಜಿನಿಯರಿಂಗ್ ಆಸೆ ಇದ್ದರೆ, ಪಿಯು ಪುಸ್ತಕಕ್ಕಿಂತ ಮೊದಲು ಸಿಇಟಿ ಕೈಪಿಡಿ ತೆರೆಯಬೇಕು. ನಮ್ಮ ಮನೆಯಲ್ಲಿ ಯಾರೂ ತೆರೆಯಲಿಲ್ಲ. ಕಾಕಾ ಇದ್ದರಲ್ಲ, ಬೀದರಿನಲ್ಲಿ ಸರಕಾರಿ ನೌಕರಿ, ಅವರ ಮಾತೇ ನಮಗೆ ಕೈಪಿಡಿ. "ಕರ್ನಾಟಕದಾಗ ಐದು ವರ್ಷ ಓದಿದ ಮ್ಯಾಲೆ ಸೀಟು ಎಲ್ಲಿ ಹೋಗ್ತದ?" ಎಂದಿದ್ದರು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವುದು ಏಳು ವರ್ಷ. ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ಕಡಿಮೆಯೆಂದರೂ ಏಳು ವರ್ಷ ರಾಜ್ಯದೊಳಗೆ ಓದಿರಬೇಕು. ನಾನು ಏಳರವರೆಗೆ ಊರಲ್ಲಿ ಓದಿ, ಎಂಟಕ್ಕೆ ಬೀದರಿಗೆ ಹೋದವನು. ತೆಲಂಗಾಣದ ಕಡೆ ತಿರುಗಿದರೆ ಅಲ್ಲಿಯ ಲೆಕ್ಕ ಇನ್ನೊಂದು: ಇಂಟರ್‌ಗೆ ಮುಗಿಯುವ ಸತತ ನಾಲ್ಕು ವರ್ಷ ಅಲ್ಲೇ ಓದಿದವರು ಸ್ಥಳೀಯರು, ಶೇ. 85 ಸೀಟು ಅವರಿಗೆ. ಉಳಿದ ಶೇ. 15ಕ್ಕೆ ಅಪ್ಪನ ಹತ್ತು ವರ್ಷದ ವಾಸದ ದಾಖಲೆ ತೋರಿಸಿ ಹೋಗಬಹುದಿತ್ತು. ಆದರೆ ಆ ಸಾಲಿನಲ್ಲಿ ಸ್ಥಳೀಯರೂ ನಿಲ್ಲುತ್ತಾರೆ, ನನ್ನ ಎಂಸೆಟ್ ರ‍್ಯಾಂಕಿಗೆ ಅಲ್ಲಿ ಒಳ್ಳೆಯ ಕಾಲೇಜು ಸಿಗುವಂತಿರಲಿಲ್ಲ. ಹುಟ್ಟಿದ ಊರಿಗೆ ಹೊರಗಿನವ, ಓದಿದ ಊರಿಗೂ ಹೊರಗಿನವ. ಇದು 2018ರ ಮಾತು.

ಗಡಿನಾಡ ಕನ್ನಡಿಗರಿಗೆ ಒಂದು ಷರತ್ತು ಇದೆಯಲ್ಲ ಎಂದು ಯಾರೋ ಹೇಳಿದರು. ಇದೆ. ಅದರಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಇವೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಇವೆ. 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ಜಹೀರಾಬಾದ್, ನಾರಾಯಣಖೇಡ ಇಲ್ಲ. ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರೂ ಇಲ್ಲ. ನಮ್ಮ ಕಡೆಯವರು ಯಾರೂ ಜಗಳ ತೆಗೆಯಲಿಲ್ಲ, ಅದಕ್ಕೇ ಪಟ್ಟಿಯಲ್ಲಿ ಸೇರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನನ್ನನ್ನು ಉಳಿಸಿದ್ದು ಅದೇ ಕೈಪಿಡಿಯ ಇನ್ನೊಂದು ಸಾಲು. ಪಿಯು ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು. ಅವ್ವನ ತವರು ಹುಮನಾಬಾದ್ ತಾಲ್ಲೂಕು. ಓದಿದ್ದು ಅಲ್ಲೇ, ಏಳನೆಯ ಇಯತ್ತೆಯವರೆಗೆ. ಅದರ ಕಾಗದ ಆ ಊರಿನ ಸಾಲಿಯಿಂದಲೇ ತರಬೇಕಿತ್ತು.

ಆದರೆ ಅಪ್ಪನಿಗೂ ಸೋದರಮಾವನಿಗೂ ಹೊಲದ ವಿಷಯಕ್ಕೆ ಮಾತಿಲ್ಲ. "ಸೀಟು ಹೋದರ ಹೋಗಲಿ, ಆ ಊರಿನ ಹೊಸ್ತಿಲಾ ತುಳಿಯೂದಿಲ್ಲ" ಎಂದು ಕೂತರು. ಸಾಲಿಯ ಹೊಸ್ತಿಲು ಮಾವನದಲ್ಲ ಎಂದು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವ್ವನೇ ಸೆರಗು ಬಿಗಿದು ಹೊರಟಳು, ನಾನು ಹಿಂದೆ.

ಮುಖ್ಯಗುರುಗಳು ದಾಖಲಾತಿ ರಿಜಿಸ್ಟರ್ ತೆಗೆಸಿದರು. ದಪ್ಪ ರಟ್ಟಿನ ಪುಸ್ತಕ, ನೀಲಿ ಮಸಿ. ಅವ್ವ ಹೇಳಿದ ವರ್ಷ ಸಿಕ್ಕಿತು, ತಾತನ ಹೆಸರೂ ಸಿಕ್ಕಿತು. ಅವ್ವನ ಹೆಸರು ಮಾತ್ರ ಬೇರೆ. ನಮ್ಮ ಕಡೆ ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಾರೆ. ಆಧಾರಿನಲ್ಲಿ ಇರುವುದು ಆ ಹೆಸರು. ಮುಖ್ಯಗುರುಗಳು ಆಧಾರ್ ನೋಡಿದರು, ರಿಜಿಸ್ಟರ್ ನೋಡಿದರು. "ಇಕಿನೇ ಅಕಿ ಅಂತ ನಾ ಹ್ಯಾಂಗ ಬರದು ಕೊಡ್ಲಿ?" ಎಂದರು. ಅವ್ವನ ಮುಖ ಕೆಂಪಾಯಿತು. ಪುಸ್ತಕವನ್ನು ನೋಡದೆಯೇ ಆ ವರ್ಷದ ಹಾಜರಿ ಹೇಳುತ್ತ ಹೋದಳು, ಒಂದಾದ ಮೇಲೊಂದು ಹೆಸರು, ಗೌಡರ ಮಗಳು, ಬಡಿಗೇರ ಹುಡುಗ, ಸಾಲಿ ಬಿಟ್ಟು ಕುರಿ ಕಾಯಲು ಹೋದವನು. ನಾನು ಬೆರಳಿಟ್ಟು ನೋಡುತ್ತಿದ್ದೆ, ಸಾಲು ತಪ್ಪಲಿಲ್ಲ. ಮನೆಯಲ್ಲಿ ಪೇಪರೂ ಹಿಡಿಯದ ಅವ್ವ. ನನಗೆ ಕಣ್ಣು ತುಂಬಿತು. ಮುಖ್ಯಗುರುಗಳು ಪೂರಾ ಕೇಳಿಸಿಕೊಂಡು, ರಿಜಿಸ್ಟರ್ ಮುಚ್ಚಿ, "ಅಫಿಡವಿಟ್ ತರ್ರಿ" ಎಂದರು.

ಅವರದು ತಪ್ಪೆಂದು ನಾನು ಹೇಳಲಾರೆ, ಆದರೆ ಆ ದಿನ ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಎರಡು ಹೆಸರಿನ ಹೆಂಗಸು ಒಬ್ಬಳೇ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಮಾಡಿಸಿ ಮತ್ತೆ ಹೋದೆವು. ವ್ಯಾಸಂಗ ಪ್ರಮಾಣಪತ್ರ ಸಿಕ್ಕ ಮೇಲೆ ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಸಾಹೇಬರು ಮೀಟಿಂಗಿನಲ್ಲಿ, ಗುಮಾಸ್ತರು ಚಹಾಕ್ಕೆ. ದಾಖಲೆ ಪರಿಶೀಲನೆಯ ದಿನ ಹತ್ತಿರ ಬಂದಿತ್ತು. ಸಂಜೆ ಜೀಪು ಹತ್ತುವ ಹೊತ್ತಿಗೆ ಸಾಹೇಬರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದರು. ಸೀಲು ಒಳಗೆ, ಬೀಗ ಹಾಕಿದ ಕಪಾಟಿನಲ್ಲಿ. ಮತ್ತೆ ಬಂದು ಸೀಲು ಹಾಕಿಸಿಕೊಂಡೆವು.

ಸೀಟು ಸಿಕ್ಕಿತು, ಜನರಲ್ ಮೆರಿಟ್ಟಿನಲ್ಲಿ. ತೆಲಂಗಾಣದ ಜಾತಿ ಪ್ರಮಾಣಪತ್ರಕ್ಕೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ, ಅದನ್ನು ನಂಬಿ ರ‍್ಯಾಂಕ್ ಲೆಕ್ಕ ಹಾಕಬೇಡಿ. ಬ್ರಾಂಚ್ ಇನ್ಫರ್ಮೇಶನ್ ಸೈನ್ಸ್. ಹೈದರಾಬಾದ್ ಕಡೆ ಐಟಿ ಎನ್ನುವುದರ ಹತ್ತಿರದ ಬ್ರಾಂಚ್ ನಮ್ಮ ವಿಟಿಯು ವಿಶ್ವವಿದ್ಯಾಲಯದಲ್ಲಿ ಇದೇ, ಪದವಿಯೂ ಬಿ.ಟೆಕ್ ಅಲ್ಲ, ಬಿ.ಇ. ಇದನ್ನು ಕಾಕಾಗೆ ತಿಳಿಸಲು ಹೋಗಿ ನಾನು ಸೋತಿದ್ದೇನೆ.

ಒಳಗೆ ಹೋದ ಮೇಲಿನ ನಿಯಮಗಳು ಇದರ ಮುಂದೆ ಸುಲಭ. ನಮ್ಮ 2018ರ ಸ್ಕೀಮಿನಲ್ಲಿ ಪದವಿಗೆ 175 ಕ್ರೆಡಿಟ್, ಹಾಜರಿ ಶೇ. 85, ಕಾರಣವಿದ್ದರೆ 75ರವರೆಗೆ ಮನ್ನಾ. ಇದಲ್ಲದೆ ನೂರು ಆಕ್ಟಿವಿಟಿ ಪಾಯಿಂಟ್: ಹಳ್ಳಿಗೆ ಹೋಗುವುದು, ಗಿಡ ನೆಡುವುದು, ಸ್ವಚ್ಛತೆ, ಅದರ ವರದಿ. ಇದಕ್ಕೆ ಕ್ರೆಡಿಟ್ ಇಲ್ಲವೆಂದು ಹುಡುಗರು ಉಡಾಫೆ ಮಾಡುತ್ತಾರೆ, ಆಮೇಲೆ ಎಂಟನೆಯ ಸೆಮಿಸ್ಟರಿನ ಗ್ರೇಡ್ ಕಾರ್ಡ್ ತಡೆದಾಗ ಓಡಾಡುತ್ತಾರೆ. ಮೊದಲ ವರ್ಷದಿಂದಲೇ ಮುಗಿಸುತ್ತ ಬನ್ನಿ. ಕನ್ನಡದ್ದೂ ಒಂದು ಕ್ರೆಡಿಟ್ ಇತ್ತು: ಬಲ್ಲವರಿಗೆ ಆಡಳಿತ ಕನ್ನಡ, ಬಾರದವರಿಗೆ ವ್ಯಾವಹಾರಿಕ ಕನ್ನಡ. ನನ್ನ ವಿಳಾಸ ನೋಡಿ ಕಾಲೇಜಿನವರು ನನ್ನನ್ನು ಬಾರದವರ ಪಟ್ಟಿಗೆ ಹಾಕಿದ್ದರು. ಹೋಗಿ ಬೀದರ್ ಕನ್ನಡದಲ್ಲೇ ಜಗಳ ಮಾಡಿದೆ.

ನಮ್ಮಂಥವರು ಮಾಡಬೇಕಾದದ್ದು ಇಷ್ಟೇ. ಐದನೆಯ ತರಗತಿ ಮುಗಿಯುವ ಮೊದಲೇ ಮಗು ಯಾವ ರಾಜ್ಯದ ಲೆಕ್ಕಕ್ಕೆ ಸೇರಬೇಕೆಂದು ತೀರ್ಮಾನಿಸಿ. ತಾಯಿ ಕರ್ನಾಟಕದಲ್ಲಿ ಓದಿದ್ದರೆ ಅವಳ ಶಾಲೆಯ ಕಾಗದ, ಹೆಸರಿನ ಅಫಿಡವಿಟ್ ಈಗಲೇ ಮಾಡಿಸಿಡಿ. ಷರತ್ತುಗಳು ಬದಲಾಗುತ್ತವೆ, ಆಯಾ ವರ್ಷದ ಕೈಪಿಡಿಯನ್ನು ನೀವೇ ಓದಿ.

ತಂಗಿ ಈಗ ಊರಲ್ಲೇ ಒಂಬತ್ತನೆಯ ತರಗತಿ. ಹಾಗೇ ಇಂಟರ್ ಮುಗಿಸಿದರೆ ತೆಲಂಗಾಣದಲ್ಲಿ ಅವಳು ಸ್ಥಳೀಯಳು. ಪಿಯುಗೆ ಬೀದರಿಗೆ ಬಂದರೆ ಅವ್ವನ ಕಾಗದ ಇದೆ. ಎರಡೂ ಬಾಗಿಲು ತೆರೆದಿವೆ ಎಂದು ಬರೆದು ತೋರಿಸಿದ್ದೇನೆ. ಅಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕಾಕಾನನ್ನು ಒಂದು ಮಾತು ಕೇಳಿ ನೋಡುತ್ತೇನೆ ಎಂದರು.